ಕಣ್ಣುಗಳ್ಳಿಯ ಕಚೇರಿ

ಭರಣಿ ಮಳೆ ಹುಟ್ಟಿದ ಸೋಮವಾರ ಜುಂಜ ಮೊದಲ ಸಲ ಮನೆ ಬಿಟ್ಟು ನಡೆದ. ಆಗ ಅವನಿಗೆ ಹತ್ತು ವರ್ಷ. ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹೊರಗೆ ಮೊದಲ ಹನಿ ಬಿತ್ತು, ಇವನು ಕತ್ತು ತಿರುಗಿಸಿದ. ಅಷ್ಟಕ್ಕೇ ಕೈ ಕಟ್ಟಿ ತೊಲೆಗೆ ನೇತುಹಾಕಿದರು. ಇಳಿಸಿದ ಮೇಲೆ, ಒಂದಕ್ಕೆ ಹೋಗಿ ಬರ್ತೀನಿ ಅಂತ ಹೊರಟವನು ಮತ್ತೆ ಆ ಮಠದ ಕಡೆ ಮುಖ ಹಾಕಲಿಲ್ಲ. ಮನೆ ಕಡೆಗೂ ಹಾಕಲಿಲ್ಲ.

ಆಮೇಲೆ ಅವನ ಬದುಕೆಲ್ಲ ಹಾಗೇ ಆಯಿತು. ಒಂದೂರಲ್ಲಿ ಕುರಿ ಕಾದ. ಒಂದೂರಲ್ಲಿ ಸುಣ್ಣ ಸುಟ್ಟ. ಒಂದೂರಲ್ಲಿ ಹರಿಗೋಲು ಹಾಕಿದ. ಎಲ್ಲೇ ಹೋದರೂ ನಾಲ್ಕನೇ ತಿಂಗಳಿಗೆ ಅಂಗಾಲು ತುರಿಸೋದು. ಹಿಂಗೇ ತಿರುಗ್ತಾ ತಿರುಗ್ತಾ ಬಿಳಿಗಲ್ಲು ದುರ್ಗ ಅನ್ನೋ ರಾಜ್ಯಕ್ಕೆ ಬಂದ. ಅದು ಯಾವ ದಿಕ್ಕಿಗಿತ್ತು ಅಂತ ನನ್ನ ಕೇಳಬೇಡಿ. ಅವನಿಗೂ ದಾರಿ ಗೊತ್ತಿರಲಿಲ್ಲ, ಕಾಲು ತಂದು ಬಿಟ್ಟಿತ್ತು.

ಆ ರಾಜ್ಯದ ಅರಸ ಒಳ್ಳೆಯವನೇ. ಆದರೆ ಅರಮನೆ ಹಿಂದೆ ಒಂದು ಓಲೆ ಕಚೇರಿ ಇತ್ತು, ಅದನ್ನ ಕಂಡರೆ ಜನ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗೋರು. ಕರಿಕಲ್ಲಿನ ಉದ್ದನೆ ಕಟ್ಟಡ. ಹನ್ನೆರಡು ಕಿಟಕಿ ಇದ್ದ ಜಾಗದಲ್ಲಿ ಹನ್ನೆರಡು ಕಲ್ಲುಗೋಡೆ. ಒಳಗೆ ನಲವತ್ತು ಜನ ಕರಣಿಕರು. ಹೊರಗೆ ನಡುಮಧ್ಯಾಹ್ನ ಇದ್ದರೂ ಅವರಿಗೆ ಹರಳೆಣ್ಣೆ ದೀಪವೇ ಗತಿ. ಬೆಳಗ್ಗೆಯಿಂದ ಸಂಜೆ ತನಕ ಕಬ್ಬಿಣದ ಕಂಟ ಹಿಡಿದು ತಾಳೆಗರಿ ಮೇಲೆ ಅರಸನ ಅಪ್ಪಣೆ ಕೊರೆಯೋದು. ಒಳಗಿಂದ ಕೆಮ್ಮು ಕೇಳೋದು, ಕರ್ ಕರ್ ಅಂತ ಕಂಟದ ಸದ್ದು ಕೇಳೋದು. ಮಾತು ಮಾತ್ರ ಕೇಳುತ್ತಿರಲಿಲ್ಲ.

ಆ ಕಚೇರಿಗೆ ಪಾರುಪತ್ತೇಗಾರ ಬೋಗರಸಯ್ಯ. ಅರವತ್ತು ದಾಟಿದರೂ ಹದ್ದಿನಂಥ ಕಣ್ಣು. ಕಿಟಕಿ ಮುಚ್ಚಿಸಿದವನು ಅವನೇ. ಹಿಂದೆ ಒಂದು ದಿನ ಮಳೆ ಬರ್ತಿತ್ತಂತೆ. ನಲವತ್ತೂ ಜನ ಕಿಟಕಿಯಾಚೆ ಹೊಂಗೆಮರ ನೆನೆಯೋದು ನೋಡ್ತಾ ಕೂತಿದ್ದರಂತೆ. ಇವನು ಒಳಗೆ ಬಂದರೂ ಒಬ್ಬನೂ ಎದ್ದು ನಿಲ್ಲಲಿಲ್ಲವಂತೆ. ಅವನಿಗೆ ಅದು ಎದೆಗೆ ಚುಚ್ಚಿತು. ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಮೆಲ್ಲಗೆ ಒಂದು ಸಂಗತಿ ಹೇಳಿದ.

ಹೊರಗಿನ ಹಸಿರಲ್ಲಿ ಕಣ್ಣುಗಳ್ಳಿ ಅನ್ನೋಳು ಒಬ್ಬಳು ಇದ್ದಾಳೆ. ಕೈಯಲ್ಲಿ ಕಂಟ ಹಿಡಿದವನು ಎಲೆ ನೋಡಿದರೆ ಸಾಕು, ಎಲೆ ಸಂದಿಂದ ಅವಳೂ ಇವನನ್ನ ನೋಡ್ತಾಳೆ. ಮೂರು ದಿನಕ್ಕೆ ಅವನ ಕಣ್ಣಿನ ಬೆಳಕು ಹೀರಿಕೊಂಡು ಹೋಗ್ತಾಳೆ. ಆಮೇಲೆ ಅವನು ಯಾರ ಜೊತೆ ಕೂರ್ತಾನೋ ಅವರಿಗೂ ಹತ್ತುತ್ತೆ.

ಮೊದಲು ಕರಣಿಕರು ನಂಬಲಿಲ್ಲ. ಕಿಟಕಿ ಮುಚ್ಚಿದ ಎರಡನೇ ವರ್ಷ ಒಬ್ಬನ ಕಣ್ಣು ಮಂಜಾಯಿತು. ಮೂರನೇ ವರ್ಷ ಇನ್ನೊಬ್ಬನದು. ಆಮೇಲೆ ಮತ್ತೊಬ್ಬನದು. ಕತ್ತಲೆಯಲ್ಲಿ, ಹೊಗೆಯಲ್ಲಿ ಹಾಳಾದ ಕಣ್ಣು ಅಂತ ಯಾರಿಗೂ ಹೊಳೆಯಲಿಲ್ಲ. ಗೋಡೆಯಲ್ಲಿ ಎಲ್ಲೋ ಬಿರುಕಿತ್ತು, ಅದರಲ್ಲಿ ಇಣುಕಿದ್ದಾರೆ ಅಂದ ಬೋಗರಸಯ್ಯ. ಮೂರು ಜನರಿಗೂ ಕಣ್ಣಿಗೆ ಬಟ್ಟೆ ಕಟ್ಟಿ ಮುಳ್ಳುಕಣಿವೆಗೆ ಬಿಟ್ಟು ಬಂದರು. ಯಾರೂ ವಾಪಸ್ಸು ಬರಲಿಲ್ಲ, ಅವರ ಮಣೆಗೆ ಹೊಸಬರು ಬಂದು ಕೂತರು. ಆಗ ಉಳಿದವರು ಏನು ಮಾಡಿದರು ಗೊತ್ತೇ? ತಾವೇ ಮನೆಯಿಂದ ಜೇಡಿಮಣ್ಣು ತಂದು, ಬೆರಳಲ್ಲಿ ಗೋಡೆ ತಡವಿ ತಡವಿ, ಸೂಜಿಮೊನೆಯಷ್ಟು ಬೆಳಕು ಬರೋ ಕಡೆಯೆಲ್ಲ ಮೆತ್ತಿಬಿಟ್ಟರು. ಪಾರುಪತ್ತೇಗಾರ ಹೇಳಿರಲೂ ಇಲ್ಲ. ಅಷ್ಟು ಹೆದರಿದ್ದರು.

ಜುಂಜನಿಗೆ ಈ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಓಲೆ ಮೇಲೆ ಕೊರೆದ ಅಕ್ಷರ ಹಾಗೇ ನೋಡಿದರೆ ಚುರುಕು ಕಣ್ಣಿಗೆ ಬಿಟ್ಟು ಬೇರೆಯವರಿಗೆ ಕಾಣೋದಿಲ್ಲ. ಗರಗದ ಸೊಪ್ಪಿನ ರಸಕ್ಕೆ ದೀಪದ ಕಾಡಿಗೆ ಕಲಸಿ, ಬಳಿದು ಒರೆಸಬೇಕು. ಆಗ ಗೆರೆಯೊಳಗೆ ಕಪ್ಪು ಕೂತು ಅಕ್ಷರ ಎದ್ದು ಕಾಣುತ್ತೆ. ದಿನಾ ಕೆರೆ ಅಂಗಳದಿಂದ ಸೊಪ್ಪು ತಂದು, ಹಿತ್ತಲಲ್ಲೇ ಅರೆದು, ಕಪ್ಪು ಮಾಡಿ ಒಳಗೆ ಕೊಡೋದು ಅವನ ಕೆಲಸ. ಒಂದೆಲೆ ಹಸಿರೂ ಹೊಸ್ತಿಲು ದಾಟಕೂಡದು ಅಂತ ಕಟ್ಟಪ್ಪಣೆ ಇತ್ತು.

ಒಳಗೆ ಕಪ್ಪು ಇಸಕೊಳ್ಳುತ್ತಿದ್ದವನು ಸಂಕಪ್ಪಯ್ಯ ಅನ್ನೋ ಕರಣಿಕ. ಸಾಧು ಮನುಷ್ಯ. ಅವನ ಹೆಂಡತಿ ಸಾತಮ್ಮ ಬುತ್ತಿ ಕಟ್ಟುವಾಗ ಈ ಪರದೇಶಿಗೂ ಒಂದು ಮುದ್ದೆ ಹೆಚ್ಚಿಗೆ ಇಡೋಳು. ಹದಿನೈದು ದಿನ ಹೋದ ಮೇಲೆ ಜುಂಜನಿಗೆ ಒಂದು ಗೊತ್ತಾಯಿತು. ಕಪ್ಪಿನ ಕುಡಿಕೆ ಚಾಚಿದರೆ ಸಂಕಪ್ಪಯ್ಯನ ಕೈ ಗೇಣು ಪಕ್ಕಕ್ಕೆ ಹೋಗ್ತಿತ್ತು.

ಜುಂಜ ಕೇಳೋ ಮೊದಲೇ ಸಂಕಪ್ಪಯ್ಯನೇ ಅವನ ಮುಂಗೈ ಹಿಡಿದುಕೊಂಡು, ಉಸಿರಿನಷ್ಟೇ ಸದ್ದಲ್ಲಿ ಹೇಳಿದ.

"ಯಾರಿಗೂ ಹೇಳಬೇಡ ಜುಂಜಣ್ಣ. ಈಗಾಗಲೇ ನನ್ನ ಬರಹದಲ್ಲಿ ಎರಡು ತಪ್ಪು ಹಿಡಿದಿದ್ದಾರೆ. ಮೂರನೇದು ಸಿಕ್ಕಿದರೆ ನನಗೂ ಬಟ್ಟೆ ಕಟ್ಟುತ್ತಾರೆ. ಸತ್ಯವಾಗಿ ಹೇಳ್ತೀನಿ, ನಾನು ಎಲೆ ನೋಡಿಲ್ಲ. ಒಂದು ಸಲಾನೂ ನೋಡಿಲ್ಲ."

ಜುಂಜ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತ. ನೋಡದವನ ಕಣ್ಣು ಹೇಗೆ ಹೋಗುತ್ತೆ? ದಿನಾ ಬುಟ್ಟಿಗಟ್ಟಲೆ ಎಲೆ ನೋಡೋ ನನ್ನ ಕಣ್ಣು ಹೇಗೆ ಉಳಿದಿದೆ? ಓದು ತಲೆಗೆ ಹತ್ತದಿದ್ದರೂ ಇದು ಹತ್ತಿತು. ಹತ್ತಿದ ಕೂಡಲೇ ಭಯವೂ ಆಯಿತು. ನನ್ನ ಕೈಯಲ್ಲಿ ಕಂಟ ಇಲ್ಲವಲ್ಲ, ಅದಕ್ಕೇ ಬಿಟ್ಟಿರಬಹುದು ಅಂತಲೂ ಅನ್ನಿಸಿತು.

ಆದರೂ ಪರೀಕ್ಷೆ ಮಾಡಿಯೇ ಬಿಡೋಣ ಅಂತ, ಮೊದಲನೇ ದಿನ ಅವನು ರುಮಾಲಿನ ಮಡಿಕೆಯಲ್ಲಿ ಒಂದು ದವನದ ಕುಡಿ ಬಚ್ಚಿಟ್ಟು ತಂದ. ಕಪ್ಪಿನ ಕುಡಿಕೆ ಪಕ್ಕದಲ್ಲಿ ಸಂಕಪ್ಪಯ್ಯನ ಕೈಗೆ ಇಟ್ಟ. ಸಂಕಪ್ಪಯ್ಯ ಹಾವು ಮುಟ್ಟಿದ ಹಾಗೆ ಕೈ ಎಳೆದುಕೊಂಡ. ಆದರೆ ವಾಸನೆ ಆಗಲೇ ಮೂಗಿಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ, ಹಣೆಯಲ್ಲಿ ಆರು ತಿಂಗಳಿಂದ ಬಡೀತಿದ್ದ ಸುತ್ತಿಗೆ ನಿಂತಿದೆ ಅಂದ. ಹಾಗಂದವನೇ ಕಣ್ಣಲ್ಲಿ ನೀರು ತಂದುಕೊಂಡ, ಹೆದರಿಕೆಗೆ.

ಎರಡನೇ ದಿನ ಒಂದು ಮಡಕೆ ನೀರಲ್ಲಿ ಅಂತರಗಂಗೆಯ ಗಿಡ ತೇಲಿಬಿಟ್ಟು, ಮೇಲೆ ಮುಚ್ಚಳ ಹಾಕಿ, ಕುಡಿಯೋ ನೀರು ಅಂತ ಒಳಗೆ ಇಟ್ಟು ಬಂದ. ಮುಚ್ಚಳ ತೆಗೆದ ಮೊದಲನೆಯವನು ಬೆಚ್ಚಿದ. ಎರಡನೆಯವನು ಕಣ್ಣು ಮುಚ್ಚಿಕೊಂಡ. ಮೂರನೆಯವನು ಕಂಟ ಕೆಳಗಿಟ್ಟು ಇಣುಕಿದ. ಕಂಟ ಕೆಳಗಿಟ್ಟರೆ ನೋಡಬಹುದು ಅಂತ ಅವನೇ ಹೊಸ ಕಟ್ಟಳೆ ಮಾಡಿಕೊಂಡ. ಸಂಜೆಯೊಳಗೆ ನಲವತ್ತು ಜನಕ್ಕೂ ಬಾಯಾರಿಕೆ ಹೆಚ್ಚಾಯಿತು.

ಮೂರನೇ ದಿನ, ಬೋಗರಸಯ್ಯ ಊಟಕ್ಕೆ ಹೋದ ಹೊತ್ತು ನೋಡಿ, ಜುಂಜ ಹಾರೆಕೋಲು ತಂದು ಒಂದು ಕಿಟಕಿ ಜಾಗದ ಮೇಲಿನ ಕಲ್ಲನ್ನ ಸಡಿಲಿಸಿ ಎಳೆದುಬಿಟ್ಟ. ತಲೆ ಗಾತ್ರದ ಕಂಡಿ ಆಯಿತು. ಅದರಲ್ಲಿ ಹೊಂಗೆಯ ಒಂದು ಕೊಂಬೆ, ಅದರ ಹಿಂದೆ ಒಂದು ಚೂರು ಆಕಾಶ.

ಒಳಗೆ ನಲವತ್ತು ಜನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತರು. ಯಾರೋ ದೇವರ ಹೆಸರು ಹೇಳ್ತಾ ಹಲ್ಲು ಕಟಕಟ ಅನ್ನಿಸುತ್ತಿದ್ದ. ಕಂಡಿಯಿಂದ ಗಾಳಿ ಬಂತು. ದೀಪ ಆಡಿತು. ಗೋಡೆ ಮೇಲೆ ಕೊಂಬೆಯ ನೆರಳು ಬೆರಳು ಚಾಚಿದ ಹಾಗೆ ಅಲ್ಲಾಡಿತು. ಕಲ್ಲು ಎಳೆದ ಜುಂಜನೂ ಬಂದೇಬಿಟ್ಟಳು ಅಂದುಕೊಂಡ. ಒಂದು ಗುಬ್ಬಿ ಬಂದು ಕಂಡಿಯಲ್ಲಿ ಕೂತು, ಒಳಗೆ ನೋಡಿ, ಹಾರಿಹೋಯಿತು. ಅಷ್ಟೇ.

ಅವತ್ತು ಸಂಜೆ ಓಲೆಯ ಸಾಲುಗಳು ದಾರ ಹಿಡಿದ ಹಾಗೆ ನೆಟ್ಟಗೆ ಬಂದಿದ್ದವು. ಕೆಮ್ಮು ಕಮ್ಮಿಯಾಗಿತ್ತು. ಆದರೆ ಮಾರನೇ ದಿನ ಸಂಕಪ್ಪಯ್ಯನ ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರೀತಿತ್ತು. ವರ್ಷಾನುಗಟ್ಟಲೆ ಬೆಳಕು ಕಾಣದ ಕಣ್ಣಿಗೆ ಬೆಳಕು ಚುಚ್ಚಿತ್ತು. ಅದು ಯಾರಿಗೆ ಗೊತ್ತು? ಅಕ್ಕಪಕ್ಕದವರು ತಮ್ಮ ಮಣೆ ದೂರ ಎಳೆದುಕೊಂಡರು. ಜುಂಜ ಹಿತ್ತಲಲ್ಲಿ ನಿಂತು ತನ್ನ ಕಣ್ಣನ್ನೇ ಉಜ್ಜಿಕೊಂಡು ನೋಡಿದ. ಅವನ ಕಣ್ಣೂ ನವೆ ಅನ್ನಿಸಿತು.

ಬೋಗರಸಯ್ಯ ದಡ್ಡನಲ್ಲ. ಸಾಲುಗಳು ನೆಟ್ಟಗಾದದ್ದು ಕಂಡೇ ಅವನಿಗೆ ಅನುಮಾನ ಬಂದಿತ್ತು. ಒಳಗೆ ಬಂದು ನೆಲ ನೋಡಿದ. ಸಂಕಪ್ಪಯ್ಯನ ಮಣೆ ಪಕ್ಕದಲ್ಲಿ ಒಂದು ಬಿಸಿಲಿನ ಚುಕ್ಕೆ ಬಿದ್ದಿತ್ತು. ಮೇಲೆ ನೋಡಿದ, ಕಂಡಿ. ಕೆಳಗೆ ನೋಡಿದ, ಕೆಂಪು ಕಣ್ಣು. ನಗುತ್ತಾ ಒಂದು ಕಪ್ಪು ಬಳಿಯದ ಓಲೆ ತೆಗೆದು ಸಂಕಪ್ಪಯ್ಯನ ಮುಂದೆ ಹಿಡಿದು ಓದು ಅಂದ. ಸಂಕಪ್ಪಯ್ಯನಿಗೆ ಒಂದಕ್ಷರವೂ ಕಾಣಲಿಲ್ಲ. ಮೂರನೇ ತಪ್ಪು ಅದೇ ಆಯಿತು. ಆಳುಗಳು ಎಳೆದುಕೊಂಡು ಹೋದರು.

ಜುಂಜ ಸೊಪ್ಪಿನ ಬುಟ್ಟಿ ಅಲ್ಲೇ ಬಿಸಾಕಿದ. ಗಂಟು ಕಟ್ಟಿದ, ಹೆಗಲಿಗೆ ಹಾಕಿದ, ಕೋಟೆ ಬಾಗಿಲ ಕಡೆ ದಾಪುಗಾಲು ಹಾಕಿದ. ಓಡೋದು ಅವನಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿದ್ಯೆ.

ಬಾಗಿಲ ಹತ್ತಿರ ಸಾತಮ್ಮ ಕೂತಿದ್ದಳು. ಕಣಿವೆಗೆ ಹೋಗೋನಿಗೆ ಮನೆಯವರು ಕೊನೇ ಊಟ ಕೊಡಬಹುದು ಅಂತ ರೂಢಿ ಇತ್ತು. ತೊಡೆ ಮೇಲೆ ಬುತ್ತಿ ಇಟ್ಟುಕೊಂಡು, ಎರಡು ಕೈಯಲ್ಲೂ ಅದನ್ನ ಮುಚ್ಚಿಕೊಂಡಿದ್ದಳು, ಬಿಸಿ ಆರದೆ ಇರಲಿ ಅಂತ. ಜುಂಜನ್ನ ಕಂಡು ಅವಳು ಅಳಲಿಲ್ಲ.

"ನಿನ್ನ ಪಾಲಿಂದೂ ಇದರಲ್ಲೇ ಇದೆ ಕಣಪ್ಪ," ಅಂದಳು. "ಗೊತ್ತಿಲ್ಲದೆ ದಿನದ ಹಾಗೇ ಕಟ್ಟಿಬಿಟ್ಟೆ."

ಕಲ್ಲು ಎಳೆದವನು ಇವನೇ ಅಂತ ಅವಳಿಗೆ ತಿಳಿದಿರಲಿಲ್ಲ. ಜುಂಜನ ಕಾಲು ಕಂಬದ ಹಾಗೆ ನಿಂತುಬಿಟ್ಟಿತು. ಹೊರಗೆ ದಾರಿ ಬಿದ್ದಿತ್ತು, ತಡೆಯೋರು ಯಾರೂ ಇರಲಿಲ್ಲ. ಆದರೂ ಗಂಟನ್ನ ಅವಳ ಪಕ್ಕದಲ್ಲಿಟ್ಟು, ಬಂದ ದಾರೀಲೇ ಅರಮನೆಗೆ ವಾಪಸ್ಸು ನಡೆದ.

ಅರಸನ ಮುಂದೆ ಸಂಕಪ್ಪಯ್ಯನನ್ನ ನಿಲ್ಲಿಸಿದ್ದರು. ಕಣ್ಣಿಗೆ ಕಟ್ಟೋ ಬಟ್ಟೆ ಒಬ್ಬ ಆಳಿನ ಭುಜದ ಮೇಲಿತ್ತು. ಜುಂಜ ಉದ್ದಕ್ಕೆ ಅಡ್ಡಬಿದ್ದ. ಕಲ್ಲು ತೆಗೆದವನು ನಾನು, ದವನ ತಂದವನು ನಾನು, ಗಿಡ ಇಟ್ಟವನು ನಾನು ಅಂತ ಒಪ್ಪಿಕೊಂಡ. ಹಾಗಾದರೆ ಇಬ್ಬರನ್ನೂ ಕಣಿವೆಗೆ ಕಳಿಸಿ ಮಹಾಸ್ವಾಮಿ ಅಂದ ಬೋಗರಸಯ್ಯ. ಜುಂಜ, ಹೋಗ್ತೀನಿ, ಆದರೆ ನನಗೆ ಓದು ಬರಹ ಇಲ್ಲ, ಒಂದು ತಿಳೀದು, ಹೇಳಿಕೊಡಬೇಕು ಅಂತ ಬೇಡಿಕೊಂಡ. ಅರಸ ಕೇಳು ಅಂದ. ಕಣ್ಣುಗಳ್ಳಿ ಮುಟ್ಟಿದ ಕಣ್ಣು ಯಾವುದು, ಮುಟ್ಟದ ಕಣ್ಣು ಯಾವುದು ಅಂತ ತಿಳಿಯೋದು ಹೇಗೆ ಅಂತ ಜುಂಜ ಕೇಳಿದ.

ಪಾರುಪತ್ತೇಗಾರನಿಗೆ ಅದು ಸುಲಭದ ಪ್ರಶ್ನೆ. ಕಪ್ಪು ಬಳಿಯದ ಓಲೆ ಓದಿದರೆ ಕಣ್ಣು ಚೊಕ್ಕ, ಓದದಿದ್ದರೆ ಮುಟ್ಟಿದ್ದಾಳೆ, ಇದರಲ್ಲಿ ಎರಡು ಮಾತಿಲ್ಲ ಅಂದ. ಅಷ್ಟಕ್ಕೆ ಬಿಡದೆ, ತಾನೇ ಒಂದು ಓಲೆ ತೋಳುದ್ದ ಹಿಡಿದು ಗಡಗಡ ಅಂತ ಓದಿ ತೋರಿಸಿದ. ಸಭೆ ತಲೆದೂಗಿತು. ಅವನ ಮೀಸೆ ಅಲ್ಲಾಡಿತು.

"ಮಹಾಸ್ವಾಮಿ," ಅಂದ ಜುಂಜ, "ನಾನು ಸೊಪ್ಪು ಕೀಳೋದು ಈ ಪಾರುಪತ್ತೇಗಾರ ಬುದ್ಧಿಯವರ ತೋಟದ ಹಿಂದಿನ ಕೆರೆಯಲ್ಲಿ. ದಿನಾ ಬೆಳಗ್ಗೆ ಅವರು ಸಂಪಿಗೆ ಮರದ ಕೆಳಗೆ, ಕೊಳದ ಕಡೆ ಮುಖ ಮಾಡಿ ಕೂತು ಬರೀತಾರೆ. ಕೈಯಲ್ಲಿ ಕಂಟ ಇರುತ್ತೆ. ಅವರ ಕಣ್ಣು ಹೆಂಗೆ ಉಳೀತು?"

ಸಭೆಯೆಲ್ಲ ಬೋಗರಸಯ್ಯನ ಕಡೆ ತಿರುಗಿತು. ಬೋಗರಸಯ್ಯ ಮೊದಲು, ತನ್ನ ತೋಳಲ್ಲಿ ತಾಯಿತ ಇದೆ ಅಂದ. ಹಾಗಾದರೆ ನಲವತ್ತು ತಾಯಿತ ಕಟ್ಟಿಸೋಣ, ಗೋಡೆ ಯಾಕೆ ಅಂದ ಅರಸ. ಆಮೇಲೆ, ಪಾಪ ಮಾಡಿದವರನ್ನ ಮಾತ್ರ ಅವಳು ಹಿಡೀತಾಳೆ ಅಂದ. ನಲವತ್ತರಲ್ಲಿ ನಲವತ್ತೂ ಪಾಪಿಗಳು, ನೀನೊಬ್ಬನೇ ಪುಣ್ಯವಂತನೋ ಅಂದ ಅರಸ. ಮೂರನೇ ಸಲ, ನನ್ನ ತೋಟಕ್ಕೆ ಅವಳು ಬರೋದಿಲ್ಲ, ಕಚೇರಿ ಗೋಡೆ ಸುತ್ತಲೇ ಸುಳೀತಾಳೆ, ಅದಕ್ಕೇ ಕಿಟಕಿ ಮುಚ್ಚಿಸಿದ್ದು, ಈಗ ಆ ಗೋಡೆಯೊಳಗಿನಷ್ಟು ಕ್ಷೇಮವಾದ ಜಾಗ ರಾಜ್ಯದಲ್ಲೇ ಇಲ್ಲ ಅಂದುಬಿಟ್ಟ.

ಜುಂಜ ಮತ್ತೆ ನೆಲಕ್ಕೆ ಹಣೆ ಹಚ್ಚಿದ. "ಹಾಗಿದ್ದರೆ ಅಷ್ಟು ಕ್ಷೇಮವಾದ ಕಡೆ ಬುದ್ಧಿಯವರು ಮೂರು ದಿನ ಕೂತು ಬರೆಯಲಿ. ನಾಲ್ಕನೇ ದಿನ ಇದೇ ಓಲೆ ಓದಲಿ. ಓದಿದರೆ ನಾನು, ಸಂಕಪ್ಪಯ್ಯ ನಮ್ಮ ಕಾಲ ಮೇಲೆ ಕಣಿವೆಗೆ ಹೋಗ್ತೀವಿ."

ಅರಸ ಆಗಲಿ ಅಂದ. ಕಿತ್ತ ಕಲ್ಲನ್ನ ಮತ್ತೆ ಇಡಿಸಿದರು. ನೀರಿನ ಮಡಕೆ ಹೊರಗೆ ಹಾಕಿದರು. ಕರಣಿಕರ ಮಧ್ಯದಲ್ಲಿ ಬೋಗರಸಯ್ಯನಿಗೆ ಒಂದು ಮಣೆ, ಒಂದು ದೀಪ.

ಮೊದಲನೇ ದಿನ ಅವನು ಗತ್ತಿನಿಂದ ಕೂತ. ಎರಡನೇ ದಿನ ಇನ್ನೊಂದು ದೀಪ ತರಿಸಿದ, ಹೊಗೆ ಇಮ್ಮಡಿಯಾಯಿತು. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಅವನ ಕಂಟ ಸಾಲು ಬಿಟ್ಟು ತೊಡೆಗೆ ಚುಚ್ಚಿತು. ಹೊರಗೆ ಕಾಯುತ್ತಾ ಕೂತಿದ್ದ ಜುಂಜನಿಗೂ ಆ ಮೂರು ದಿನ ಅನ್ನ ಇಳಿಯಲಿಲ್ಲ. ಇವನ ಕಣ್ಣು ಹದ್ದಿನ ಕಣ್ಣು, ಹೋಗದೇ ಇದ್ದರೆ? ಒಳಗೆ ಕೆಮ್ಮು ಕೇಳಿದಾಗಲೆಲ್ಲ, ಅದು ಯಾರ ಕೆಮ್ಮು ಅಂತ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ.

ನಾಲ್ಕನೇ ದಿನ ಬೋಗರಸಯ್ಯನನ್ನ ಸಭೆಗೆ ಕರೆತಂದರು. ಅವನ ಕಣ್ಣು ಬಾತು ಕೆಂಪಾಗಿತ್ತು. ಅರಸ ಓಲೆ ಕೊಟ್ಟ. ತೋಳುದ್ದ ಹಿಡಿದ, ಕಾಣಲಿಲ್ಲ. ಗೇಣು ದೂರ ಹಿಡಿದ, ಕಾಣಲಿಲ್ಲ. ಮೂಗಿಗೆ ಅಂಟಿಸಿಕೊಂಡ, ಆಗಲೂ ಕಾಣಲಿಲ್ಲ. ಆಳು ಭುಜದ ಮೇಲಿನ ಬಟ್ಟೆ ಬಿಚ್ಚಿಕೊಂಡು ಹತ್ತಿರ ಬಂದ. ಕಟ್ಟಳೆ ಮಾಡಿದವನು ಇವನೇ ತಾನೆ? ಆ ಬಟ್ಟೆ ಹಣೆಗೆ ತಗುಲಿದ ಕೂಡಲೇ ಬೋಗರಸಯ್ಯ ಅರಸನ ಕಾಲಿಗೆ ಬಿದ್ದ.

"ಕಣ್ಣುಗಳ್ಳಿ ಇಲ್ಲ ಮಹಾಸ್ವಾಮಿ. ನಾನು ಹುಟ್ಟಿಸಿದ್ದು. ಆ ಕತ್ತಲೇ ಕಣ್ಣು ತಿನ್ನೋದು. ನನ್ನ ಅಲ್ಲಿಗೆ ಕಳಿಸಬೇಡಿ, ಕಣಿವೆಗೂ ಕಳಿಸಬೇಡಿ."

ಅರಸ ಅವನ ಕಣ್ಣಿಗೆ ಬಟ್ಟೆ ಕಟ್ಟಿಸಲಿಲ್ಲ. ಕಣ್ಣು ಬಿಟ್ಟುಕೊಂಡೇ ಕಣಿವೆಗೆ ಹೋಗಿ, ಅಲ್ಲಿ ಬಿಟ್ಟುಬಂದ ಮೂವರನ್ನ ಹುಡುಕಿ ತರೋ ತನಕ ಕೋಟೆ ಬಾಗಿಲು ನಿನಗೆ ತೆಗೆಯೋದಿಲ್ಲ ಅಂದ. ಒಬ್ಬ ಸಿಕ್ಕಿದ, ಆಡು ಕಾಯೋರ ಹಟ್ಟಿಯಲ್ಲಿ ಹೇಗೋ ಬದುಕಿದ್ದ. ಇನ್ನಿಬ್ಬರು ಸಿಗಲಿಲ್ಲ. ಬೋಗರಸಯ್ಯ ಹುಡುಕ್ತಾನೇ ಇದ್ದಾನೆ.

ಹನ್ನೆರಡು ಕಿಟಕಿಯ ಕಲ್ಲೂ ಕಿತ್ತರು. ಏನು ಮಾಡಬೇಕು ಅಂತ ಅರಸ ಜುಂಜನ್ನೇ ಕೇಳಿದ. ಅವನು ಕಂಡ ಊರುಗಳಲ್ಲಿ ಎಲ್ಲಿ ಕೂತರೆ ತಂಪು, ಎಲ್ಲಿ ಕಣ್ಣಿಗೆ ಹಿತ ಅಂತ ಅವನಿಗೆ ಗೊತ್ತಿತ್ತಲ್ಲ. ಪಡುವಣ ಬಿಸಿಲಿಗೆ ಹೊಂಗೆ ನೆಡಿಸಿದ. ಮೂಡಣ ಕಿಟಕಿಗಳ ಕೆಳಗೆ ಸಣ್ಣ ಕೊಳ ತೋಡಿಸಿದ, ಗಾಳಿ ನೀರು ಸವರಿಕೊಂಡು ಒಳಗೆ ಬರಲಿ ಅಂತ. ಒಳಗೆ ಕಂಬಕ್ಕೊಂದು ಕುಂಡ, ದವನ, ಮರುಗ, ದೊಡ್ಡಪತ್ರೆ. ಯಾವ ಮಣೆಯಲ್ಲಿ ಕೂತವನು ತಲೆ ಎತ್ತಿದರೂ ಒಂದು ಎಲೆಯಾದರೂ ಕಾಣಬೇಕು ಅಂತ ನಲವತ್ತು ಮಣೆಯಲ್ಲೂ ತಾನೇ ಕೂತು ನೋಡಿದ. ಒಂದು ಓಲೆ ಮುಗಿದರೆ ಒಂದು ವೀಳ್ಯ ಹಾಕಿಕೊಳ್ಳೋಷ್ಟು ಹೊತ್ತು ಹೊರಗೆ ನೋಡಬೇಕು ಅಂತ ಅಪ್ಪಣೆ ಬರೆಸಿದ.

ಗೋಡೆ ಬಿದ್ದ ಕೂಡಲೇ ಹೆದರಿಕೆ ಬೀಳುತ್ತಾ? ಎಂಟು ದಿನ ಯಾರೂ ಕಿಟಕಿ ಕಡೆ ತಿರುಗಲಿಲ್ಲ. ಮುಂಡಾಸು ಹುಬ್ಬಿನ ಮೇಲೆ ಎಳೆದುಕೊಂಡು ಬರೆದರು. ಎಲೆ ಅಲ್ಲಾಡಿದರೆ ನಲವತ್ತು ಹೆಗಲು ನಡುಗೋವು. ಒಂಬತ್ತನೇ ದಿನ ಸಂಕಪ್ಪಯ್ಯ ಎದ್ದು, ಕಂಟ ಕೈಯಲ್ಲೇ ಹಿಡಿದುಕೊಂಡು, ಕಿಟಕಿಯ ಚೌಕಟ್ಟಿಗೆ ಎದೆ ಒರಗಿಸಿ ನಿಂತ. ಎಲ್ಲರೂ ಅವನ ಬೆನ್ನು ನೋಡ್ತಾ ಕೂತರು. ಮೂರು ದಿನ ಕಾದರು. ಅವನಿಗೆ ಏನೂ ಆಗಲಿಲ್ಲ. ಆಮೇಲೆ ಒಬ್ಬೊಬ್ಬನಾಗಿ ತಲೆ ಎತ್ತಿದರು. ಕೆಮ್ಮು ನಿಂತಿತು. ಒಂದು ದಿನ ಒಳಗಿಂದ ನಗು ಕೇಳಿಸಿತು. ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದ ಜನ ನಿಂತು ಕೇಳಿದರು.

ಇದರಿಂದ ತಿಳಿಯೋದು ಇಷ್ಟು. ದುಡಿಯೋರ ಮುಂದಿನ ಮರವನ್ನ ಮುಚ್ಚಿದವನು ಕೆಲಸ ಹೆಚ್ಚಿಸೋದಿಲ್ಲ, ಮನುಷ್ಯರನ್ನ ಸವೆಸ್ತಾನೆ. ಗಾಳಿ, ಬೆಳಕು, ಹಸಿರು ಕೆಲಸದ ಶತ್ರುಗಳಲ್ಲ, ಕೆಲಸ ಮಾಡೋ ಜೀವಕ್ಕೆ ಅನ್ನದ ಹಾಗೆ. ಹೆದರಿಸಿ ದುಡಿಸಿಕೊಳ್ಳೋನು ತಾನು ಕಟ್ಟಿದ ಕತ್ತಲೆಯಲ್ಲಿ ಒಂದು ದಿನ ತಾನೇ ಕೂರಬೇಕಾಗುತ್ತೆ.

ಅರಸ ಜುಂಜನಿಗೆ ಪಾರುಪತ್ಯವನ್ನೇ ಕೊಡ್ತೀನಿ ಅಂದ. ಅವನು ಕೈಮುಗಿದ. ನಾಲ್ಕನೇ ತಿಂಗಳು ಹುಟ್ಟಿತ್ತು.

ಹೊರಡೋ ಬೆಳಗ್ಗೆ ಅವನು ಕಿಟಕಿ ಹತ್ತಿರ ಹೋಗಿ, ಹೊಂಗೆ ಕಾಣುತ್ತಾ ಅಂತ ಸಂಕಪ್ಪಯ್ಯನನ್ನ ಕೇಳಿದ. ಸಂಕಪ್ಪಯ್ಯ ಬಹಳ ಹೊತ್ತು ನೋಡಿದ.

"ಎಲೆ ಬೇರೆ ಬೇರೆ ಕಾಣಲ್ಲ ಜುಂಜಣ್ಣ, ಅದು ಹೋಯ್ತು. ಹಸಿರು ಕಾಣುತ್ತೆ, ಗಾಳಿ ಬಂದರೆ ಅದು ಅಲ್ಲಾಡೋದು ಕಾಣುತ್ತೆ. ಕಿಟಕಿ ತೆಗೆದ ಮೇಲೆ ಮತ್ತೆ ಕಮ್ಮಿಯಾಗಿಲ್ಲ."

ಜುಂಜ ಹಿತ್ತಲಿಗೆ ಹೋದ. ಕಂಬಳಿ ಸುತ್ತಿದ, ಚೆಂಬು ಒಳಗೆ ತುರುಕಿದ, ಹಗ್ಗ ಎರಡು ಸುತ್ತು ಹಾಕಿ ಹಲ್ಲಲ್ಲಿ ಕಚ್ಚಿ ಬಿಗಿದ.